ಸೋಪಿನ ಲೆಕ್ಕ

ಆ ವರ್ಷ ಸೋಪಿಗೂ ರೇಷನ್ ಬಿದ್ದಿತ್ತು.
ಯುದ್ಧ ನಮ್ಮದಲ್ಲ ಅಂದಿತ್ತು ಸರ್ಕಾರ,
ಚೀಟಿ ಮಾತ್ರ ನಮ್ಮದೇ:
ತಲೆಗಿಷ್ಟು ಚಹಾ, ಮನೆಗಿಷ್ಟು ಸೀಮೆಎಣ್ಣೆ,
ಅಂಗೈಯಗಲ ಸೋಪು.

ಕೌಂಟಿ ಸಮಿತಿಯ ತಾಡಿ ಮೆಕ್‌ಗವರ್ನ್
ಸೈಕಲ್ಲಿಗೆ ಗೋಣಿಚೀಲ ಕಟ್ಟಿಕೊಂಡು ಬಂದು
ಅಡುಗೆಮನೆಯ ನೆಲಕ್ಕೆ ಸುರಿದ:
ಹದಿನೈದು ಅಂಗಿ, ಕಡುಗೆಂಪು, ಬೆನ್ನಿಗೆ ನಂಬರು.
"ಒಂದು ಸಲ ಒಗೆದರೆ ಸಾಕು, ಡಿಂಪ್ನಾ,
ಎರಡನೆಯದಕ್ಕೆ ನಾವೆಲ್ಲಿ ಉಳಿದಿರ್ತೀವಿ."

ಮೂವತ್ತೊಂದು ವರ್ಷ ನಮ್ಮ ಕೌಂಟಿ
ಮೇ ತಿಂಗಳಲ್ಲೇ ಮೂಟೆ ಕಟ್ಟಿತ್ತು.
ಈ ಪಂದ್ಯಾವಳಿಯ ನೇಮವೇ ಹಾಗೆ,
ಸೋತವರಿಗೆ ಎರಡನೇ ಪಂಕ್ತಿಯಿಲ್ಲ.
ಅರವತ್ತು ನಿಮಿಷ; ಆಮೇಲೆ
ಹುಲ್ಲು ಕೊಯ್ಯಲು ಹೋಗಬಹುದು.

ಗೆದ್ದರು.
ನಂಬದೆ ಎರಡು ಸಲ ಕೇಳಿದೆ.
ಅಂಗಿಗಳು ಬಂದವು, ಬೇರೆ ಊರಿನ ಮಣ್ಣು ಹೊತ್ತು.
ತೊಟ್ಟಿಯ ನೀರು ಕೆಂಪಾಯಿತು.
ಗಾಬರಿಯಾಗಬೇಡಿ, ಬಣ್ಣ ಅಗ್ಗದ್ದು.

ಮನುಷ್ಯರನ್ನು ನಾನು ಅಂಗಿಯಿಂದ ಬಲ್ಲೆ.
ಆರರ ಬೆನ್ನಿಗೆ ಸದಾ ಹುಲ್ಲಿನ ಕಲೆ,
ಬಿದ್ದಾದರೂ ತಡೆಯುವವನು.
ಹನ್ನೊಂದರ ಕೊರಳಲ್ಲಿ ತಂಬಾಕು.
ಹದಿಮೂರಕ್ಕೆ ಬೆವರೇ ಇಲ್ಲ:
ಮೂಲೆಯಲ್ಲಿ ನಿಂತು ಚೆಂಡಿಗೆ ಕಾಯುವ ಸುಂದರಾಂಗ,
ಊರ ಹುಡುಗಿಯರೆಲ್ಲ ಅವನ ಹೆಸರೇ ಹೇಳುತ್ತಿದ್ದರು.
ನಾಲ್ಕರ ಅಂಚಿನ ಒಳಮಡಿಕೆಯಲ್ಲಿ
ಉಗುರಿನಷ್ಟು ಮೇರಿ ಮಾತೆಯ ಪದಕ, ಪಿನ್ನು ಚುಚ್ಚಿದ್ದು.
ಫೀಲಿಮನ ತಾಯಿಯ ಕೆಲಸ. ಅವನಿಗೇ ಗೊತ್ತಿಲ್ಲ.
ಪ್ರತಿ ಸಲ ಬಿಚ್ಚಿದೆ, ಒಗೆದೆ, ಅಲ್ಲೇ ಚುಚ್ಚಿದೆ.
ಅವಳೂ ನಾನೂ ಆ ಮಾತೆತ್ತಿದ್ದಿಲ್ಲ.

ಜೂನ್‌ನಲ್ಲಿ ಆಟ ಸಮವಾಯಿತು.
ಬಲೆಗೆ ಹೊಡೆದರೆ ಮೂರು, ಅಡ್ಡಪಟ್ಟಿಯ ಮೇಲೆ ಹಾರಿಸಿದರೆ ಒಂದು:
ನಮಗೆ ಎರಡು ಗೋಲು, ಮೇಲೆ ಐದು;
ಅವರಿಗೆ ಗೋಲಿಲ್ಲ, ಬಿಡಿ ಹನ್ನೊಂದು.
ಬೆರಳು ಮಡಿಚಿ ಎಷ್ಟು ಸಲ ಕೂಡಿಸಿದರೂ ಅಷ್ಟೇ.
ಅಂದರೆ ಮತ್ತೊಂದು ಪಂದ್ಯ, ಮತ್ತೊಂದು ಒಗೆತ.
ಪಕ್ಕದ ಮನೆಯ ಅಟ್ರಾಕ್ಟಾ ತನ್ನ ಚೀಟಿ ತಂದಳು,
"ನಮ್ಮವರು ಹೇಗೂ ಕ್ರಿಸ್‌ಮಸ್ಸಿಗಷ್ಟೇ ಮೈ ತೊಳೆಯೋದು."
ಶಾಲೆ ಮಾಸ್ತರರು ಅರ್ಧ ತುಂಡು.
ಪಾದ್ರಿಗಳು ಇಡೀ ಬಿಲ್ಲೆ, ಲ್ಯಾವೆಂಡರ್ ವಾಸನೆಯದು;
ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ.

ಪ್ರಾಂತ್ಯ ಗೆದ್ದ ರಾತ್ರಿ ಗುಡ್ಡದ ಮೇಲೆ ಬೆಂಕಿ ಹಾಕಿದರು.
ಸೆಮಿಫೈನಲ್ಲಿಗೆ ಹೊರಟ ರೈಲು
ಕಲ್ಲಿದ್ದಲಿಲ್ಲದೆ ಜೌಗಿನ ಹಸಿ ಹೆಂಟೆ ತಿಂದು
ಮುಲ್ಲಿಂಗಾರ್ ದಾಟುವಾಗ ಉಸಿರು ಬಿಟ್ಟಿತಂತೆ,
ಹುಡುಗರೇ ಇಳಿದು ತಳ್ಳಿದರಂತೆ.
ತಾಡಿ ಹೇಳಿದ್ದು. ಅರ್ಧ ನಂಬಿ.

ಫೈನಲ್ಲಿನ ವಾರ ಬಿಡದ ಮಳೆ.
ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದೆ,
ಬೆಳಗಿನ ಐದಕ್ಕೆ ಬಾಗಿಲು ಬಡಿದ,
ಮಡಿಸಿ, ಎಣಿಸಿ, ಕೊಟ್ಟೆ.
ಗಾಡಿ ಸ್ಟೇಷನ್ನಿನ ತಿರುವು ದಾಟಿದ ಮೇಲೆ
ಕಿಟಕಿಯ ಸಾಸರಿನಲ್ಲಿ ಮಿನುಗಿತು
ಉಗುರಿನಷ್ಟು ಮೇರಿ.

ಊರಿಗೊಂದೇ ರೇಡಿಯೋ, ಅಂಚೆಮನೆಯ ಕಿಟಕಿಯಲ್ಲಿ.
ಬ್ಯಾಟರಿ ಸಾಯುತ್ತಿತ್ತು, ಮಾತು ಬಾವಿಯೊಳಗಿಂದ ಬಂದಂತೆ.
ನನ್ನ ಪಕ್ಕದಲ್ಲೇ ನಿಂತಿದ್ದಳು ಫೀಲಿಮನ ತಾಯಿ,
ಜಪಮಣಿ ಸುತ್ತಿದ ಮುಷ್ಟಿ ತೆರೆಯದೆ.
"ತಾಯಿ ಅವನ ಜೊತೆಗಿದ್ದಾಳೆ," ಅಂದಳು, ಮೊದಲ ಸಲ.
ಏಪ್ರನ್ನಿನ ಜೇಬಿನಲ್ಲಿ ಕೈಯಿಟ್ಟುಕೊಂಡು
ಹೌದು ಅಂದೆ.

ಎರಡು ನಿಮಿಷ ಉಳಿದಿದ್ದಾಗ
ಒದ್ದೆ ಚೆಂಡು ನಾಲ್ಕರವನ ಕೈಯಿಂದ ಜಾರಿತು.
ಒಂದೇ ಒಂದು ಪಾಯಿಂಟು.
ಯಾರೋ ರೇಡಿಯೋದ ಕಿವಿ ತಿರುಗಿಸಿದರು.
ಮಳೆ ಆಗಲೇ ನಿಂತಿತ್ತು, ಈಗ ತಿಳಿಯಿತು.

ಮಂಗಳವಾರ ಬಂತು ಗೋಣಿಚೀಲ.
"ಇನ್ನು ಮೇವರೆಗೆ ಬೇಕಿಲ್ಲ," ಅಂದ ತಾಡಿ,
"ನೀರಿಗದ್ದಿ ಎತ್ತಿಡು ಸಾಕು, ಸೋಪು ಹಾಳು ಮಾಡಬೇಡ."
ಅವನು ಹೋಗುವವರೆಗೆ ತಲೆಯಾಡಿಸಿದೆ.
ಆಮೇಲೆ ಲ್ಯಾವೆಂಡರ್ ಬಿಲ್ಲೆಯ ಕಾಗದ ಬಿಚ್ಚಿದೆ.
ಸೋತ ಅಂಗಿಗೂ ಅಷ್ಟೇ ಸೋಪು ಹಿಡಿಯುತ್ತದೆ.
ನಾಲ್ಕರ ಮಡಿಕೆಗೆ ಪದಕ ಚುಚ್ಚಿದೆ, ಪಿನ್ನು ಗಟ್ಟಿಯಾಗಿ ಒತ್ತಿ.
ಹದಿಮೂರರ ಕಂಕುಳಲ್ಲಿ ಈ ಸಲ
ಬೆವರಿತ್ತು.